ದೇವರಿದ್ರೆ ಕೆಟ್ಟದ್ದು ಯಾಕಿದೆ? ಎರಡನ್ನೂ ಒಟ್ಟಿಗೆ ನಂಬೋಕಾಗುತ್ತಾ?

ನಂಬಬಹುದು, ಆದ್ರೆ ಎಂಥಾ ದೇವರು ಅನ್ನೋದ್ರ ಮೇಲೆ ಡಿಪೆಂಡ್ ಆಗುತ್ತೆ. ಇದು ನಾಸ್ತಿಕರ ಪ್ರಶ್ನೆ ಅನ್ಕೊಂಡಿರ್ತಾರೆ ಸುಮಾರು ಜನ, ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರದಲ್ಲೇ (2.1.34) ಇದೆ ನೋಡಿ, ಒಬ್ಬನಿಗೆ ಸುಖ ಇನ್ನೊಬ್ಬನಿಗೆ ದುಃಖ ಕೊಡೋ ದೇವರು ಪಕ್ಷಪಾತಿ, ಕ್ರೂರಿ ಆಗಲ್ವಾ ಅಂತ. ಶಂಕರರು ಅದಕ್ಕೆ ಮಳೆ ಉದಾಹರಣೆ ಕೊಡ್ತಾರೆ: ಮಳೆ ಎಲ್ಲಾ ಕಡೆ ಒಂದೇ ಥರ ಬೀಳುತ್ತೆ, ಭತ್ತ ಬರುತ್ತೋ ಬಾರ್ಲಿ ಬರುತ್ತೋ ಅನ್ನೋದು ಬೀಜಕ್ಕೆ ಬಿಟ್ಟಿದ್ದು, ಹಂಗೇ ಸುಖದುಃಖ ಅವರವರ ಕರ್ಮಕ್ಕೆ ತಕ್ಕ ಹಾಗೆ. ಸರಿ, ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು ಅಂದ್ರೆ, ಮುಂದಿನ ಸೂತ್ರ ಸಂಸಾರಕ್ಕೆ, ಅಂದ್ರೆ ಹುಟ್ಟು-ಸಾವಿನ ಚಕ್ರಕ್ಕೆ, ಆದಿನೇ ಇಲ್ಲ ಅಂದ್ಬಿಡುತ್ತೆ. ನಂಗೆ ಇಲ್ಲೇ ಕಸಿವಿಸಿ, ಪ್ರಶ್ನೆನ ಹಿಂದಕ್ಕೆ ತಳ್ಳಿದ ಹಾಗಾಯ್ತು ಅಷ್ಟೇ. ಮಧ್ವರು ಇನ್ನೂ ನೇರ, ಜೀವಗಳ ಸ್ವಭಾವನೇ ಬೇರೆ ಬೇರೆ, ಕೆಲವಕ್ಕೆ ಮೋಕ್ಷ ಇಲ್ವೇ ಇಲ್ಲ ಅಂತಾರೆ (ಒಪ್ಕೊಳ್ಳೋದು ಕಷ್ಟ ಬಿಡಿ).

ಕ್ರೈಸ್ತರಲ್ಲಿ ಒಂದೇ ಜನ್ಮ, ಹಾಗಾಗಿ ಕರ್ಮದ ದಾರಿ ಇಲ್ಲ, ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ ಅನ್ನೋದು ಅವರ ಮುಖ್ಯ ಉತ್ತರ. ಕೊಲೆ, ಮೋಸಕ್ಕೆ ಅದು ಸರಿಹೋಗುತ್ತೆ. ಆದ್ರೆ 1755ರಲ್ಲಿ ಹಬ್ಬದ ದಿನವೇ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಭೂಕಂಪ ಆಗಿ ಚರ್ಚ್‌ಗಳಲ್ಲಿದ್ದ ಜನ ಸತ್ತರಲ್ಲ, ಅದಕ್ಕೆ ಯಾರ ಸ್ವಾತಂತ್ರ್ಯ ಕಾರಣ ಅಂತ ಹೇಳ್ತೀರಾ?