ನಂಗೆ ಹಾಡೋಕೆ ಬರಲ್ಲ, ಮಗುಗೆ ಫೋನಲ್ಲಿ ಜೋಗುಳ ಹಾಕಿದ್ರೆ ಸಾಲದಾ?

ಮಗುಗೆ ಮೂರು ತಿಂಗಳು, ನಿಮಗೆ ಶ್ರುತಿನೂ ಇಲ್ಲ ತಾಳನೂ ಇಲ್ಲ, ಅದಕ್ಕೇ ಕೇಳ್ತಿದೀರ. ಸ್ಕೂಲಲ್ಲಿ ಪ್ರಾರ್ಥನೆ ಟೈಮಲ್ಲಿ "ನೀನು ಬಾಯಿ ಆಡಿಸಿದ್ರೆ ಸಾಕಪ್ಪ" ಅನ್ನಿಸ್ಕೊಂಡೋನು ನಾನು, ಆದ್ರೂ ಹೇಳ್ತೀನಿ, ನೀವೇ ಹಾಡಿ.

ಫೋನ್ ಹಾಡು ಏನೂ ಮಾಡಲ್ಲ ಅಂತಲ್ಲ. 2015ರಲ್ಲಿ ಮಾಂಟ್ರಿಯಲ್ ಯೂನಿವರ್ಸಿಟಿಯವರು ಪುಟ್ಟ ಮಕ್ಕಳಿಗೆ ಟರ್ಕಿಶ್ ಹಾಡಿನ ರೆಕಾರ್ಡಿಂಗ್ ಕೇಳಿಸಿದ್ರು, ಪರಿಚಯದ ದನಿ ಅಲ್ಲ, ಪರಿಚಯದ ಭಾಷೆನೂ ಅಲ್ಲ, ಆದ್ರೂ ಮಕ್ಕಳು ಅಳುಮೋರೆ ಮಾಡೋಕೆ ಸುಮಾರು 9 ನಿಮಿಷ ಹಿಡೀತು, ಬರೀ ಮಾತು ಕೇಳಿಸ್ದಾಗ 4 ನಿಮಿಷದ ಆಸುಪಾಸಲ್ಲೇ ಶುರು. ಇಲ್ಲಿ ಒಂದು ಗಮನಿಸಿ, ಆ ಮಕ್ಕಳು ಮೊದ್ಲಿಗೆ ಸಮಾಧಾನವಾಗೇ ಇದ್ವು, ಹಾಡು ಅಳೂನ ಮುಂದಕ್ಕೆ ತಳ್ತು ಅಷ್ಟೇ. ನಾನು ಇದನ್ನ ಉಲ್ಟಾ ಮಾಡ್ತಿದ್ದೆ, ಮಗಳು ಮುಖ ಕೆಂಪಗೆ ಮಾಡ್ಕೊಂಡು ಕಿರುಚೋಕೆ ಹತ್ತಿದ್ಮೇಲೆ ರಾಗ ತೆಗೀತಿದ್ದೆ, ಆ ಗಲಾಟೇಲಿ ನನ್ನ ಹಾಡು ನಂಗೇ ಕೇಳಿಸ್ತಿರ್ಲಿಲ್ಲ. ಆಮೇಲೆ ಕೆಳತುಟಿ ಸೊಟ್ಟ ಆಗೋದು ಕಂಡ ತಕ್ಷಣ ಶುರು ಮಾಡೋದು ಕಲಿತೆ.

ಫೋನಿಗೆ ಆ ಸೊಟ್ಟ ತುಟಿ ಕಾಣಲ್ವಲ್ಲ, ವ್ಯತ್ಯಾಸ ಇರೋದೇ ಅಲ್ಲಿ. ಎತ್ಕೊಂಡು ಹಾಡ್ತಿದ್ರೆ ಮಗುಗೆ ನಿಮ್ಮ ಎದೆ ಗುಂಯ್ ಅನ್ನೋದು ಮೈಗೆ ತಾಗುತ್ತೆ, ಅದರ ರೆಪ್ಪೆ ಭಾರ ಆದ್ರೆ ನೀವು ಗೊತ್ತಿಲ್ದೇ ನಿಧಾನ ಮಾಡ್ತೀರ, ಕಣ್ಣು ಪಟ್ ಅಂತ ಬಿಟ್ರೆ ಅದೇ ಸಾಲು ಮತ್ತೆ ಹಿಡೀತೀರ. ಡೈಪರ್ ಬದಲಾಯಿಸೋವಾಗ ನಾನು "ಎತ್ತು ಎತ್ತು ಬಲಗಾಲು, ಇನ್ನೊಂದೆಲ್ಲಿ ಎಡಗಾಲು" ಅಂತ ಒಂದು ಕಟ್ಕೊಂಡಿದ್ದೆ, ಸಾಹಿತ್ಯ ಅಂತ ಯಾರೂ ಒಪ್ಪಲ್ಲ ಬಿಡಿ, ಆದ್ರೆ ವಾರ ಎರಡು ವಾರದಲ್ಲಿ "ಎತ್ತು" ಅಂದ ಕೂಡ್ಲೇ ಒದೆಯೋದು ನಿಲ್ಸಿ ನನ್ನ ಬಾಯೇ ನೋಡ್ತಿದ್ಲು. ಮುಂದೇನು ಬರುತ್ತೆ ಅಂತ ಗೊತ್ತಿರೋದೇ ಅಷ್ಟು ಸಣ್ಣ ಜೀವಕ್ಕೆ ದೊಡ್ಡ ಧೈರ್ಯ ಅನ್ಸುತ್ತೆ. ಅದಕ್ಕೇ ದಿನಾ ಹೊಸ ಹಾಡು ಹುಡುಕ್ಬೇಡಿ, ಎರಡೋ ಮೂರೋ ಸಾಕು, ಬೋರ್ ಆಗೋದು ನಿಮಗೆ, ಮಗುಗಲ್ಲ.

2025ರಲ್ಲಿ ಇನ್ನೊಂದು ಸ್ಟಡಿ ಬಂತು, 110 ಮಕ್ಕಳ ಮನೆಯವರು, ಹೆಚ್ಚಿನವು ನಿಮ್ಮ ಮಗು ಥರದ ಹಸುಗೂಸುಗಳೇ. ಕೆಲವ್ರಿಗೆ ನಾಲ್ಕು ವಾರ ಜಾಸ್ತಿ ಹಾಡೋಕೆ ಹುರಿದುಂಬಿಸಿದ್ರು, ಅಳು ಸಮಾಧಾನಕ್ಕೆ ಬಳಸಿ ಅಂತ ಯಾರೂ ಹೇಳದಿದ್ರೂ ಅವ್ರು ಬಳಸಿದ್ದು ಅದಕ್ಕೇ, ಹಾಡೋ ಹೊತ್ತಲ್ಲಿ ಮಾತ್ರ ಅಲ್ಲ ಒಟ್ಟಾರೆ ಆ ಮಕ್ಕಳ ಮೂಡ್ ಸುಧಾರಿಸ್ತು. ಹಾಡಿದವರ ಮೂಡಲ್ಲಿ ಮಾತ್ರ ಹೇಳಿಕೊಳ್ಳೋ ಬದಲಾವಣೆ ಇಲ್ಲ, ರಾತ್ರಿ ಮೂರು ಗಂಟೆಗೆ ಎದ್ದು ಹಾಡಿ ಖುಷಿಪಡೋರು ಯಾರಿದಾರೆ ಹೇಳಿ.

ಹಾಂ, ಹಸಿವು ಜ್ವರ ಏನಾದ್ರೂ ಇದ್ಯಾ ಅಂತ ಮೊದ್ಲು ನೋಡ್ಬಿಡಿ. ನಾನು ಒಂದ್ಸಲ ಅರ್ಧ ಗಂಟೆ ಹಾಡಿ ಹಾಡಿ ಸಾಕಾದ್ಮೇಲೆ ಗೊತ್ತಾಗಿದ್ದು, ಡೈಪರ್ ಒದ್ದೆ.