ಕಣ್ಣಂದಾಜೋ, ಅಳೆದು ತೂಗುವುದೋ?

ಪ್ರಶ್ನೆ: ಮೊದಲ ನೋಟದ ತೀರ್ಮಾನವನ್ನೇ ನಂಬಿ ಎಂದು ಒಬ್ಬರು ಬರೆಯುತ್ತಾರೆ, ಓದಿದರೆ ಹೌದೆನಿಸುತ್ತದೆ. ಅವಸರ ಬೇಡ, ಅಳೆದು ತೂಗಿ ಎಂದು ಇನ್ನೊಬ್ಬರು, ಅದೂ ಹೌದೆನಿಸುತ್ತದೆ. ಇಬ್ಬರೂ ಒಪ್ಪಿಸುವುದಾದರೂ ಹೇಗೆ? ಯಾರ ಮಾತು ಕೇಳಲಿ?
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಇಬ್ಬರ ಪಟ್ಟುಗಳೂ ಬೇರೆ. ಮೊದಲಿನವರದು ಕಥೆ. ಅವರಿಗೆ ಅಚ್ಚುಮೆಚ್ಚು, ಅಮೆರಿಕದ ಗೆಟ್ಟಿ ಮ್ಯೂಸಿಯಂ 1985ರಲ್ಲಿ ಕೊಂಡ ಗ್ರೀಕ್ ಯುವಕನ ಅಮೃತಶಿಲೆಯ ವಿಗ್ರಹ. ಕಲ್ಲಿನ ಮೇಲ್ಪದರ ಪರೀಕ್ಷಿಸಿದ ವಿಜ್ಞಾನಿಗಳು ಹಳೆಯದೇ ಎಂದರು. ಕೆಲವು ಕಲಾತಜ್ಞರು ಕಂಡ ಕೂಡಲೇ ‘ಏನೋ ಸರಿಯಿಲ್ಲ’ ಎಂದರು. ನೋಟ ಗೆದ್ದಿತು, ಕಥೆ ಮುಗಿಯಿತು! ಆದರೆ ಅದು ನಕಲಿ ಎಂದು ಖಡಾಖಂಡಿತವಾಗಿ ಸಾಬೀತಾಗಲೇ ಇಲ್ಲ. ‘ಕ್ರಿ.ಪೂ. ಸುಮಾರು 530, ಇಲ್ಲವೇ ಆಧುನಿಕ ನಕಲು’ ಎಂದೇ ಮ್ಯೂಸಿಯಂ ಫಲಕ ಹಾಕಿತ್ತು. ಆ ತಜ್ಞರ ಒಂದು ಕ್ಷಣದ ಹಿಂದೆ ವಿಗ್ರಹಗಳನ್ನೇ ನೋಡುತ್ತ ಕಳೆದ ಎಷ್ಟೋ ವರ್ಷಗಳಿದ್ದವು ಎಂಬುದನ್ನೂ ಕಥೆ ಬೇಗ ದಾಟಿಬಿಡುತ್ತದೆ. ಇನ್ನು, ಸೋತ ನೋಟಗಳು ಇಂಥ ಪುಸ್ತಕಗಳಲ್ಲಿ ಅಪರೂಪ. 1937ರಲ್ಲಿ ಅಬ್ರಹಾಂ ಬ್ರೆಡಿಯಸ್ ಎಂಬ ಘಟಾನುಘಟಿ ತಜ್ಞ ಒಂದು ಚಿತ್ರ ನೋಡಿ ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಶ್ರೇಷ್ಠ ಕೃತಿ ಎಂದು ಕೊಂಡಾಡಿದರು. ಅದನ್ನು ಬರೆದವನು ತಾನೆಂದು ನಕಲಿ ಚಿತ್ರಗಳ ಕಲಾವಿದ ವಾನ್ ಮೇಗರೆನ್ 1945ರಲ್ಲಿ ಒಪ್ಪಿಕೊಂಡ.

ಎರಡನೆಯವರು ನಿಮ್ಮನ್ನೇ ಎಡವಿಸುತ್ತಾರೆ. ಬ್ಯಾಟು, ಬಾಲು ಸೇರಿ 110 ರೂಪಾಯಿ, ಬಾಲಿಗಿಂತ ಬ್ಯಾಟಿಗೆ 100 ಹೆಚ್ಚು, ಬಾಲಿಗೆಷ್ಟು? ಹತ್ತು ಎಂದಿರಾ? ಹಾಗಾದರೆ ಬ್ಯಾಟಿಗೆ 110, ಒಟ್ಟು 120 ಆಯಿತು. ಉತ್ತರ 5. ನಿಮ್ಮ ಬಾಯಿಂದಲೇ ತಪ್ಪು ಹೇಳಿಸಿದ ಮೇಲೆ ಒಪ್ಪಿಸುವುದೇನು ಕಷ್ಟ! ಆದರೆ ಇದು ಎಡವಲೆಂದೇ ಹೆಣೆದ ಲೆಕ್ಕ, ಸಂತೆಯಲ್ಲಿ ಯಾರೂ ಹೀಗೆ ಬೆಲೆ ಹೇಳುವುದಿಲ್ಲ.

ಈ ಎರಡು ಬಣಗಳ ಹಿರಿಯ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ (ಅಳೆದು ತೂಗುವ ಬಣ) ಮತ್ತು ಗ್ಯಾರಿ ಕ್ಲೈನ್ (ನೋಟದ ಬಣ) 2009ರಲ್ಲಿ ಒಟ್ಟಿಗೇ ಕೂತು ಬರೆದರು. ನೋಟ ಪಳಗಲು ಎರಡು ಬೇಕು: ಕೆಲಸದಲ್ಲಿ ಒಂದು ಕ್ರಮವಿರಬೇಕು, ತಪ್ಪೋ ಸರಿಯೋ ಬೇಗ ತಿಳಿಯಬೇಕು. ‘ನನಗೆ ಗ್ಯಾರಂಟಿ’ ಎನ್ನುವ ಧೈರ್ಯ ಲೆಕ್ಕಕ್ಕಿಲ್ಲ, ಅದು ಪಳಗದವರಿಗೂ ಬರುತ್ತದೆ.

ನಿಮ್ಮ ಕಣವನ್ನೇ ನೋಡಿ. ಒಣಗಿದ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಮುಷ್ಟಿಯಲ್ಲಿ ಕುಲುಕಿದರೆ ಗಲಗಲ ಎನ್ನುತ್ತದೆ, ಮೀಟರ್ ಆಗಲೇ ತೇವಾಂಶ ಹೇಳುತ್ತದೆ. ಇಲ್ಲಿ ಕೈ, ಕಿವಿ ಪಳಗುತ್ತವೆ. ಯಾವಾಗ ಮಾರಬೇಕು ಎಂಬುದು ಹಾಗಲ್ಲ: ಬ್ರೆಜಿಲ್‌ನ ಕಾಫಿ ತೋಟಗಳಿಗೆ ಹಿಮ ಬಡಿದರೆ ಇಲ್ಲಿ ರೇಟು ಏರುತ್ತದೆ, ಪಾಠ ಸಿಗುವುದು ವರ್ಷಕ್ಕೊಮ್ಮೆ. ಹೋದ ಸಲ ಗೆದ್ದದ್ದು ಅದೃಷ್ಟವೂ ಇರಬಹುದು. ಮಾರಾಟಕ್ಕೆ ಸಾಲ, ಖರ್ಚು, ಕಂತುಗಳನ್ನು ಬರೆದಿಟ್ಟುಕೊಂಡೇ ಕೂರಿ.

ನಿಮ್ಮ ನೋಟ ಪಳಗಿದೆಯೇ ಎಂದು ತಿಳಿಯಲು ಈ ಸಲ ಮೀಟರ್ ಹಾಕುವ ಮುನ್ನ ನಿಮ್ಮ ಅಂದಾಜನ್ನು ಚೀಟಿಯಲ್ಲಿ ಬರೆಯಿರಿ. ಇಪ್ಪತ್ತು ರಾಶಿಯಾದ ಮೇಲೆ ತಾಳೆ ನೋಡಿ. ಚೆರ್ರಿಯ ಸಿಪ್ಪೆ ತೆಗೆದು ಬೀಜವನ್ನಷ್ಟೇ ಮೀಟರಿಗೆ ಹಾಕಿ, ಬಿಸಿಲಿನ ಕಾವು ಆರಿರಲಿ. ಇಲ್ಲದಿದ್ದರೆ ಮೀಟರೇ ಸುಳ್ಳು ಹೇಳೀತು.