ಕೊನೆಯ ಗಳಿಗೆಯನ್ನು ನೆನೆದು ಭಯವಾದರೆ

ರಾತ್ರಿ ಮಲಗುವಾಗ ನಿಮ್ಮ ಮರಣದ ಗಳಿಗೆಯನ್ನು ನಿರೀಕ್ಷೆಯಿಂದ ಕಲ್ಪಿಸಿಕೊಳ್ಳಲು ಯತ್ನಿಸಿದರೂ ಎದೆ ನಡುಗುತ್ತದೆ, ಇದು ವಿಶ್ವಾಸದ ಕೊರತೆಯೇ ಎಂದು ಕೇಳಿದ್ದೀರಿ. ಅಲ್ಲವೆಂದೇ ನನ್ನ ಅಭಿಪ್ರಾಯ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ಎಂಬ ತೋಟದಲ್ಲಿ ಯೇಸುವೇ ದಿಗಿಲುಗೊಂಡು, ಸಾಧ್ಯವಾದರೆ ಆ ಗಳಿಗೆ ತನ್ನನ್ನು ಬಿಟ್ಟುಹೋಗಲೆಂದು ನೆಲಕ್ಕೆ ಬಿದ್ದು ಪ್ರಾರ್ಥಿಸಿದನೆಂದು ಮಾರ್ಕನು ಬರೆದಿದ್ದಾನೆ. ಪೌಲನಂತೂ ಮರಣವನ್ನು ಕಡೆಯ ಶತ್ರುವೆಂದೇ ಕರೆದಿದ್ದಾನೆ. ಶತ್ರುವನ್ನು ಕಂಡು ನಡುಗುವುದು ಪಾಪವಲ್ಲ.

ಆದರೆ ಉಸಿರು ನಿಲ್ಲುವುದನ್ನೇ ಚಿತ್ರಿಸಿಕೊಳ್ಳುತ್ತ ಕುಳಿತರೆ ಮನಸ್ಸು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅದರ ಬದಲು ಬೈಬಲಿನ ಅಪೊಸ್ತಲರ ಕೃತ್ಯಗಳ 7ನೆಯ ಅಧ್ಯಾಯದ ಕೊನೆಯನ್ನು ನಿಧಾನವಾಗಿ ಓದಿ. ಜನರು ಹಲ್ಲು ಕಡಿಯುತ್ತ ಸುತ್ತುವರಿದಿರುವಾಗ, ವಿಶ್ವಾಸಕ್ಕಾಗಿ ಕಲ್ಲೆಸೆತಕ್ಕೆ ಬಲಿಯಾದ ಸ್ತೆಫನನು ಕಣ್ಣೆತ್ತಿ ನೋಡಿದ್ದು ದೇವರ ಬಲಗಡೆಯಲ್ಲಿ ನಿಂತಿರುವ ಯೇಸುವನ್ನು. ಹೊಸ ಒಡಂಬಡಿಕೆಯು ಬಹುತೇಕ ಕಡೆ ಆತನು ಬಲಗಡೆಯಲ್ಲಿ ಕುಳಿತಿದ್ದಾನೆಂದು ಹೇಳುವುದರಿಂದ, ಇಲ್ಲಿ ತನ್ನವನನ್ನು ಬರಮಾಡಿಕೊಳ್ಳಲು ಎದ್ದು ನಿಂತಿದ್ದಾನೆಂದು ಹಲವರು ಅರ್ಥೈಸಿದ್ದಾರೆ. ನನಗೂ ಹಾಗೆಯೇ ತೋರುತ್ತದೆ. ಕಲ್ಲುಗಳ ನಡುವೆ ಸ್ತೆಫನನು ಮಾತನಾಡಿದ್ದೂ ಆತನೊಂದಿಗೇ. ಆ ಗಳಿಗೆಯಲ್ಲಿ ಏನಾಗುತ್ತದೆ ಎನ್ನುವುದಕ್ಕಿಂತ ಯಾರಿರುತ್ತಾರೆ ಎಂಬುದನ್ನು ಧ್ಯಾನಿಸಿ.

ಮಲಗುವ ಮುನ್ನ 31ನೆಯ ಕೀರ್ತನೆಯ 5ನೆಯ ವಚನವನ್ನು, ಅಂದರೆ ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬ ಮಾತನ್ನು, ಹೇಳಿಕೊಳ್ಳಿ. ಯೇಸು ಶಿಲುಬೆಯ ಮೇಲೆ ಅದೇ ಮಾತಿಗೆ ‘ತಂದೆಯೇ’ ಎಂಬ ಸಂಬೋಧನೆಯನ್ನು ಸೇರಿಸಿ ಪ್ರಾಣಬಿಟ್ಟನೆಂದು ಲೂಕನು ತಿಳಿಸುತ್ತಾನೆ. ಅನೇಕ ಸಭೆಗಳ ರಾತ್ರಿ ಪ್ರಾರ್ಥನೆಯಲ್ಲಿಯೂ ಅದಿದೆ. ಇಷ್ಟಾದರೂ ಭಯದಿಂದ ನಿದ್ರೆಯೇ ಕೆಡುತ್ತಿದ್ದರೆ, ನಿಮ್ಮ ಸಭೆಯ ಪಾಲಕರೊಂದಿಗೆ ಮಾತ್ರವಲ್ಲದೆ ವೈದ್ಯರೊಂದಿಗೂ ಸಂಕೋಚವಿಲ್ಲದೆ ಮಾತನಾಡಿ.